ಶ್ರೀಕಂಠನ ಡೌರೊ, ನನ್ನ ಮೂಗು

ಚಾಂಗಿ: ಬಂದಿಳಿದ ಬೆಳಿಗ್ಗೆ

ನಾನು ಮೈಸೂರಿನ ಒಂದು ಗಲ್ಲಿಯಲ್ಲಿ ನಲವತ್ತೊಂದು ವರ್ಷ ಕಾಫಿ ಬೀಜ ಹುರಿದು, ಬೆರೆಸಿ, ಪುಡಿ ಮಾಡಿ ಮಾರಿದವನು. ಕಣ್ಣಿಗೆ ಬಟ್ಟೆ ಕಟ್ಟಿ ಹತ್ತು ಲೋಟ ಡಿಕಾಕ್ಷನ್ ಮುಂದಿಟ್ಟರೂ ಯಾವುದರಲ್ಲಿ ಚಿಕೋರಿ ಎಷ್ಟಿದೆ, ಯಾವ ಬೀಜಕ್ಕೆ ಮಳೆ ತಾಗಿದೆ, ಯಾವುದನ್ನು ಹುರಿಯುವಾಗ ಹುರಿಯುವವನು ಪಕ್ಕದ ಅಂಗಡಿಯವನ ಜೊತೆ ಹರಟುತ್ತಿದ್ದ ಎಂದು ಮೂಗಿನಿಂದಲೇ ಹೇಳುತ್ತೇನೆ. ಇದು ಜಂಬವಲ್ಲ. ಜಂಬ ಮುಂದೆ ಬರುತ್ತದೆ.

ಈ ಮೂಗನ್ನು ಹೊತ್ತು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದೆ. ಪೆಟ್ಟಿಗೆ ಕೈಗೆ ಬಂದಾಗಲೇ ಅನಾಹುತ ಗೊತ್ತಾಯಿತು. ಮಗಳಿಗೆಂದು ತಂದ ಎರಡು ಕಿಲೋ ಕಾಫಿಪುಡಿಯ ಪೊಟ್ಟಣ ಒಳಗೇ ಒಡೆದು, ಅಂಗಿ, ಪಂಚೆ, ಸ್ವೆಟರು ಎಲ್ಲವೂ ಕಾಫಿ ಬಣ್ಣಕ್ಕೆ ತಿರುಗಿದ್ದವು, ಬಿಚ್ಚಿ ನೋಡಿದ ನನ್ನ ಮೈಗೂ ಮೆತ್ತಿಕೊಂಡಿತು. ಸಿಂಗಪುರಕ್ಕೆ ಸ್ವೆಟರು ಯಾಕೆ ಎಂದು ಕೇಳಬೇಡಿ, ಪೆಟ್ಟಿಗೆ ತುಂಬಿದ್ದು ನನ್ನ ಹೆಂಡತಿ. ನಾನು ನಡೆದ ಕಡೆಯಲ್ಲೆಲ್ಲ ಜನ ಮೂಗರಳಿಸಿ ತಿರುಗಿ ನೋಡುತ್ತಿದ್ದರು. ಒಬ್ಬ ಚೀನೀ ಅಜ್ಜಿ ಹತ್ತಿರ ಬಂದು, ಹೆಬ್ಬೆರಳೆತ್ತಿ ತೋರಿಸಿ ಹೋದಳು.

ಹೊರಗೆ ಮಗಳು ವೀಣಾ ನಿಂತಿದ್ದಳು. ಪಕ್ಕದಲ್ಲಿ ಶ್ರೀಕಂಠ. ಶ್ರೀಕಂಠ ಎಂದರೆ ಐವತ್ತು ವರ್ಷಗಳಿಂದ ನನ್ನ ಸ್ನೇಹಿತ, ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದವನು. ಆರು ವರ್ಷದಿಂದ ಮಗನ ಜೊತೆ ಇಲ್ಲೇ ಬೆಡೋಕ್ ಎಂಬ ಬಡಾವಣೆಯಲ್ಲಿದ್ದಾನೆ, ನನ್ನ ಮಗಳ ಮನೆಯಿಂದ ಎರಡು ಬಸ್ ಸ್ಟಾಪು. ಅವನ ಮದುವೆಯ ಬೆಳಿಗ್ಗೆ ಅವನ ಚಪ್ಪಲಿ ಎರಡೂ ಎಡಗಾಲಿನವೇ ಆಗುವಂತೆ ನೋಡಿಕೊಂಡವನು ನಾನು. ಫೋಟೋದಲ್ಲಿ ಇವತ್ತಿಗೂ ಕಾಣುತ್ತದೆ.

ಬಂದವನೇ ನನ್ನನ್ನು ಅಪ್ಪಿಕೊಂಡ. ಮೈಯೆಲ್ಲ ಕಾಫಿಯಾಗಿದ್ದ ನನ್ನನ್ನು ಅಪ್ಪಿಕೊಂಡೂ ಕಾಫಿಯ ಬಗ್ಗೆ ಒಂದು ಮಾತಾಡಲಿಲ್ಲ. ಆ ವಾಸನೆಗೆ ಮರುಳಾಗದ ಮೈಸೂರಿನವನುಂಟೆ? ಪೋರ್ಚುಗಲ್ಲಿಗೆ ಹೋಗಿ ಬಂದಿದ್ದಾನಲ್ಲ, ನಮ್ಮ ಕಾಫಿ ಇನ್ನು ಯಾಕೆ ಹಿಡಿಸೀತು ಎಂದುಕೊಂಡೆ. ಹೊಟ್ಟೆಕಿಚ್ಚಿನ ಮೊದಲ ಕಿಡಿ ಹತ್ತಿದ್ದು ಅಲ್ಲಿ, ಪೆಟ್ಟಿಗೆಗಳು ಸುತ್ತುವ ಆ ಪಟ್ಟಿಯಿಂದ ನೂರು ಹೆಜ್ಜೆ ದೂರದಲ್ಲಿ.

ಬೆಡೋಕ್: ಮೊದಲ ಶನಿವಾರ

ವಿಷಯ ಹೀಗಿದೆ. ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಶ್ರೀಕಂಠನ ಮಗನಿಗೆ ಪೋರ್ಚುಗಲ್ಲಿನಲ್ಲಿ ಮೂರು ವಾರದ ಆಫೀಸ್ ಕೆಲಸ ಬಿತ್ತು. ಅಪ್ಪನನ್ನೂ ಕರೆದೊಯ್ದ. ಮಗ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಗ ಅಪ್ಪ ಡೌರೊ ಎಂಬ ನದಿಯ ಕಣಿವೆಯಲ್ಲಿ ವೈನ್ ಮಾಡುವ ಒಂದು ತೋಟ ಸೇರಿಕೊಂಡ. ವಾಪಸ್ ಬಂದು ಇಲ್ಲಿನ ಕನ್ನಡದವರಿಗೆ ತನ್ನ ಕಾಂಡೋದ, ಅಂದರೆ ಅಪಾರ್ಟ್‌ಮೆಂಟಿನ, ಫಂಕ್ಷನ್ ರೂಮಿನಲ್ಲಿ ಶನಿವಾರ ಸಂಜೆ ಡೌರೊ ಪಾಠ ಶುರು ಮಾಡಿದ. ಈ ಸೆಪ್ಟೆಂಬರಿಗೆ ಹನ್ನೆರಡು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಆಸೆ ಅವನಿಗೆ. ಎಪ್ಪತ್ತೆರಡರ ಮುದುಕನನ್ನು ಒಬ್ಬನನ್ನೇ ಕಳಿಸುವುದಿಲ್ಲ ಎಂದು ಮಗ ಖಡಾಖಂಡಿತ ಹೇಳಿದ್ದ. ಗುಂಪು ಒಪ್ಪಿದರೆ ಡೌರೊ, ಇಲ್ಲದಿದ್ದರೆ ಬೆಡೋಕ್.

ಮೈಸೂರಿನಲ್ಲಿ ನಾನು ಮಾತಾಡುತ್ತಿದ್ದೆ, ಶ್ರೀಕಂಠ ಕೇಳುತ್ತಿದ್ದ. ಅದೇ ವ್ಯವಸ್ಥೆ. ಇಲ್ಲಿ ನೋಡಿದರೆ ಅವನು ಗೋಡೆಗೆ ಭೂಪಟ ಹಚ್ಚಿ ನಿಂತಿದ್ದಾನೆ, ಚಾಂಗಿ ಬಿಸಿನೆಸ್ ಪಾರ್ಕಿನಿಂದ, ತಂಜಾಂಗ್ ಪಗಾರ್‌ನಿಂದ ಬಂದ ಸಾಫ್ಟ್‌ವೇರು, ಬ್ಯಾಂಕು ಜನ ಬಾಯಿ ತೆರೆದು ಕೇಳುತ್ತಿದ್ದಾರೆ. ಅವನ ತರಗತಿಯಲ್ಲಿ ಮಕ್ಕಳು ಮಲಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಒಬ್ಬರೂ ಆಕಳಿಸಲಿಲ್ಲ. ನಾನು ಎರಡು ಸಲ ಆಕಳಿಸಿ ದಾರಿ ತೋರಿಸಿದೆ, ಯಾರೂ ಹಿಂಬಾಲಿಸಲಿಲ್ಲ.

ಅವನು ಹೇಳಿದ್ದನ್ನು ನಿಮಗೂ ಹೇಳಬೇಕು. ಡೌರೊ ನದಿಯ ಎರಡೂ ದಡಕ್ಕೆ ಕಡಿದಾದ ಗುಡ್ಡ. ನೆಲದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು, ಸ್ಲೇಟಿನ ಹಾಗೆ ಪದರ ಪದರ ಏಳುವ ಕಲ್ಲು. ಅದನ್ನು ಒಡೆದು, ಮೆಟ್ಟಿಲು ಮೆಟ್ಟಿಲಾಗಿ ಗೋಡೆ ಕಟ್ಟಿ ಬಳ್ಳಿ ನೆಟ್ಟಿದ್ದಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಅಡ್ಡಡ್ಡಲಾಗಿ ಮೈಲಿಗಟ್ಟಲೆ ಎಳೆದ ಹಾಗೆ. ಬಳ್ಳಿಯ ಬೇರು ಕಲ್ಲಿನ ಸಂದಿಯಲ್ಲಿ ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದಂತೆ. ಕೊಯ್ದ ಹಣ್ಣನ್ನು ಕಲ್ಲಿನ ತೊಟ್ಟಿಗೆ ಸುರಿದು, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಿಂತು, ನಮ್ಮಲ್ಲಿ ಇಟ್ಟಿಗೆಯ ಮಣ್ಣು ತುಳಿಯುವಂತೆ ತುಳಿಯುತ್ತಾರೆ. ಶ್ರೀಕಂಠನೂ ಪಂಚೆ ಎತ್ತಿ ಕಟ್ಟಿ ತುಳಿದನಂತೆ. ಆ ಕಾಲು ನನಗೆ ಗೊತ್ತು. ಆ ವರ್ಷದ ವೈನನ್ನು ನಾನು ಮುಟ್ಟುವವನಲ್ಲ.

ರಸ ಹುಳಿಯುತ್ತಿರುವಾಗಲೇ ಅರ್ಧದಲ್ಲಿ ಬ್ರಾಂದಿಯಂಥದ್ದನ್ನು ಸುರಿದರೆ ಹುಳಿಯುವುದು ನಿಂತು ಹಣ್ಣಿನ ಸಿಹಿ ಉಳಿದುಬಿಡುತ್ತದೆ. ಅದು ಪೋರ್ಟ್. ಬಿಳಿ ದ್ರಾಕ್ಷಿಯದು ಬಿಳಿ ಪೋರ್ಟ್. ಕಪ್ಪು ದ್ರಾಕ್ಷಿಯದನ್ನು ಬೇಗ ಸೀಸೆಗೆ ಹಾಕಿದರೆ ಕಡುಗೆಂಪಾಗಿಯೇ ಉಳಿಯುವ ರೂಬಿ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಜೇನಿನ ಬಣ್ಣಕ್ಕೆ ಇಳಿಯುವ ಟಾನಿ. ಇವಲ್ಲದೆ ಸಿಹಿಯಿಲ್ಲದ ಬಿಳಿ ವೈನು ಒಂದು, ಕೆಂಪು ವೈನು ಒಂದು. ಅಲ್ಲಿಯವರು ಬಿಳಿ ವೈನಿನ ಜೊತೆ, ಉಪ್ಪು ಹಾಕಿ ಒಣಗಿಸಿ ಆಮೇಲೆ ನೆನೆಸಿದ ಮೀನು ತಿನ್ನುತ್ತಾರೆ, ಕೆಂಪಿಗೆ ಸುಟ್ಟ ಮೇಕೆ ಮರಿ, ಬಿಳಿ ಪೋರ್ಟಿಗೆ ಉಪ್ಪು ಬಾದಾಮಿ, ರೂಬಿಗೆ ಕುರಿ ಹಾಲಿನ ಚೀಸು, ಟಾನಿಗೆ ಬಾದಾಮಿಯ ಸಿಹಿ. ಶ್ರೀಕಂಠ ಬಾದಾಮಿ ತೆಗೆದು ಕಾಂಗ್ರೆಸ್ ಕಡಲೆಕಾಯಿ ಇಟ್ಟಿದ್ದ. ಮೇಕೆ ಮರಿಯ ಜಾಗಕ್ಕೆ ಮಟನ್ ಚಾಪ್ಸ್. ಟಾನಿಗೆ ಮೈಸೂರು ಪಾಕ್.

ಮೈಸೂರು ಪಾಕಿನ ಮೇಲೆ ಒಂದು ಗುಟುಕು ಟಾನಿ ಹೋದಾಗ ಏನಾಯಿತು ಎಂದು ಹೇಳಲು ನನಗೆ ಇಷ್ಟವಿಲ್ಲ. ತುಪ್ಪ ಇನ್ನೊಮ್ಮೆ ಕಾದ ಹಾಗಾಯಿತು. ಅಷ್ಟು ಸಾಕು.

ರುಚಿ ನೋಡಿ ಉಗಿಯಲು ಮೇಜಿನ ಮೇಲೆ ಒಂದು ಬಕೆಟ್ಟಿತ್ತು. ಎಲ್ಲರ ಎಂಜಲು ಒಂದೇ ಪಾತ್ರೆಗೆ ಎಂದು ಹೆಂಗಸರು ಮುಖ ಕಿವುಚಿ ನುಂಗಿಬಿಟ್ಟರು, ಗಂಡಸರು ಸಂತೋಷದಿಂದ ನುಂಗಿದರು. ರಸ್ತೆಯಲ್ಲಿ ಉಗಿದರೆ ದಂಡ ಹಾಕುವ ದೇಶದಲ್ಲಿ ಮರ್ಯಾದೆಯಿಂದ ಉಗಿಯಲು ಸಿಕ್ಕ ಜಾಗ ಅದೊಂದೇ. ನಾನು ಕಾಫಿಯನ್ನು ಸೊರ್ರನೆ ಎಳೆದು ಉಗಿದು ರುಚಿ ಅಳೆದವನು, ಮೇಲೆ ಮೂವತ್ತು ವರ್ಷ ಎಲೆ ಅಡಿಕೆ ಹಾಕಿದವನು. ಕೂತಲ್ಲಿಂದಲೇ, ಮೂರಡಿ ದೂರದಿಂದ, ಬಕೆಟ್ಟಿನ ನಡುಮಧ್ಯಕ್ಕೆ ಕಳಿಸಿದೆ. ಒಂದು ಹನಿ ಆಚೆ ಬೀಳಲಿಲ್ಲ. ವೀಣಾ ಹಣೆ ಚಚ್ಚಿಕೊಂಡಳು. ಕಲೆಯನ್ನು ಗುರುತಿಸುವವರು ಆ ಕೋಣೆಯಲ್ಲಿ ಇರಲಿಲ್ಲ.

ಆಮೇಲೆ ಸ್ವಲ್ಪ ಕಿತಾಪತಿ ಮಾಡಿದೆ. ಕೆಂಪು ವೈನಿನ ಒಗರು ಮೆಣಸಿನಕಾಯಿಗೆ ಆಗುವುದಿಲ್ಲ, ಖಾರ ಎರಡರಷ್ಟಾಗುತ್ತದೆ ಎಂದು ಶ್ರೀಕಂಠ ಎಚ್ಚರಿಸಿದ್ದ. ನಾನು ಹಾಕರ್ ಸೆಂಟರ್ ಎಂಬ ಇಲ್ಲಿನ ತಿಂಡಿ ಅಂಗಡಿಗಳ ಸಾಲಿನಿಂದ ಕಟ್ಟಿಸಿಕೊಂಡು ಬಂದಿದ್ದ ಮೆಣಸಿನ ಚಟ್ನಿಯನ್ನು ಪಕ್ಕದವರ ಚಾಪ್ಸಿಗೆ ಹಚ್ಚಿ, ಮೇಷ್ಟ್ರಿಗೆ ವಯಸ್ಸಾಗಿದೆ, ಕೆಂಪು ವೈನ್ ಕುಡಿದರೆ ಖಾರ ಇಳಿಯುತ್ತದೆ ಎಂದು ಪಿಸುಗುಟ್ಟಿದೆ. ಮೂರು ಜನ ಎದ್ದು ನಿಂತರು. ಒಬ್ಬರು ನಲ್ಲಿಗೆ ಬಾಯಿಟ್ಟರು. ಶ್ರೀಕಂಠ ಗಾಬರಿಯಾಗದೆ ಅವರಿಗೆಲ್ಲ ತಣ್ಣಗಿನ ಸಿಹಿ ಬಿಳಿ ಪೋರ್ಟ್ ಕೊಟ್ಟು, ಸಿಹಿ ಖಾರವನ್ನು ಹೇಗೆ ತಗ್ಗಿಸುತ್ತದೆ ನೋಡಿ ಎಂದು ಅದನ್ನೇ ಪಾಠ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಟ್ನಿ ನನ್ನದು, ಚಪ್ಪಾಳೆ ಅವನದು.

ಬೆಡೋಕ್: ಎರಡನೆಯ ಶನಿವಾರ

ಒಂದು ವಾರ ನಾನು ಸುಮ್ಮನೆ ಕೂರಲಿಲ್ಲ. ವೀಣಾ ಕೆಲಸಕ್ಕೆ ಹೋದ ಮೇಲೆ ಅಡಿಗೆಮನೆಯಲ್ಲಿ ಬೆಲ್ಲದ ಪಾನಕ ಮಾಡಿ, ಅದಕ್ಕೆ ಚಿಕೋರಿ ಡಿಕಾಕ್ಷನ್ ಹನಿಹನಿಯಾಗಿ ಬೆರೆಸಿ ಟಾನಿಯ ಬಣ್ಣಕ್ಕೆ ತಂದೆ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಿತ್ತಳೆ ಬಣ್ಣ ಕೂಡ ಬಂತು. ಆದರೆ ವಾಸನೆ ಮುಚ್ಚಿಡಲು ಹೋಗಲಿಲ್ಲ. ಗಮ್ಮೆಂದು ಚಿಕೋರಿ ಹೊಡೆಯುತ್ತಿತ್ತು, ಏಲಕ್ಕಿಯನ್ನೂ ಕುಟ್ಟಿ ಹಾಕಿದ್ದೆ. ಮೂಗಿನ ಹತ್ತಿರ ತಂದ ಕೂಡಲೇ ಶ್ರೀಕಂಠ ಬೆಚ್ಚಬೇಕು, ನನ್ನನ್ನು ಬಯ್ಯಬೇಕು, ಎಲ್ಲರೂ ನಗಬೇಕು, ಸಂಜೆ ನನ್ನದಾಗಬೇಕು. ಲೆಕ್ಕಾಚಾರ ಅಷ್ಟೇ.

ಎಲ್ಲರಿಗೂ ನಿಜವಾದ ಟಾನಿ ಬಗ್ಗಿಸಿದ ಮೇಲೆ ಶ್ರೀಕಂಠನ ಲೋಟವನ್ನು ಮಾತ್ರ ಬದಲಾಯಿಸಿದೆ. ಅವನು ಎತ್ತಿಕೊಂಡ, ತಿರುಗಿಸಿದ, ಮೂಗನ್ನು ಒಳಕ್ಕಿಳಿಸಿದ, ಕಣ್ಣು ಮುಚ್ಚಿದ. ನಾನು ಕುರ್ಚಿಯ ತುದಿಗೆ ಬಂದೆ.

ಅವನು ಅಕ್ರೋಟು ಎಂದ. ಒಣ ಅಂಜೂರ, ಕಿತ್ತಳೆ ಸಿಪ್ಪೆ, ಸುಟ್ಟ ಸಕ್ಕರೆ ಎಂದ. ಇಪ್ಪತ್ತು ವರ್ಷ ಕತ್ತಲಲ್ಲಿ ಕೂತ ಮರದ ಉಸಿರು ಎಂದ. ಅವರವರ ಲೋಟದಲ್ಲಿ ಮೂಗಿಟ್ಟಿದ್ದ ಜನ ಹೌದು ಹೌದು ಎಂದು ತಲೆದೂಗಿದರು. ಆಮೇಲೆ ಅವನು ಒಂದು ಗುಟುಕು ಕುಡಿದ. ಕೋಣೆಯ ಉದ್ದಕ್ಕೂ ಕಣ್ಣು ಹಾಯಿಸಿ ನೇರ ನನ್ನನ್ನು ನೋಡಿದ. ಮತ್ತೆ ಲೋಟವೆತ್ತಿ ಪಾನಕವನ್ನು ಪೂರ್ತಿ ಕುಡಿದು ಕೆಳಗಿಟ್ಟ.

ನಾನು ನಗಲು ತೆರೆದಿದ್ದ ಬಾಯಿಯನ್ನು ಮುಚ್ಚಿದೆ. ಆ ಚಿಕೋರಿ ನಾನು ಕೂತಲ್ಲಿಗೇ ಹೊಡೆಯುತ್ತಿತ್ತು.

ಪಾಠ ಮುಗಿಯುವ ಹೊತ್ತಿಗೆ ನಿಖಿಲ್ ಎದ್ದ. ತಂಜಾಂಗ್ ಪಗಾರ್‌ನಲ್ಲಿ ಬ್ಯಾಂಕಿನ ಕೆಲಸದವನು, ಯಾವುದನ್ನೂ ಪರೀಕ್ಷೆ ಮಾಡದೆ ನಂಬದ ಜಾತಿ. ದೂರದ ಪ್ರಯಾಣ, ಮಾರ್ಗದರ್ಶಿಗೆ ಎಷ್ಟು ಗೊತ್ತು ಎಂದು ನೋಡಿಬಿಡೋಣ ಎಂದ. ಮುಂದಿನ ಶನಿವಾರ ಐದು ಸ್ಟೀಲ್ ಲೋಟ, ಮೇಲೆ ಮುಚ್ಚಳ, ಮುಚ್ಚಳದಲ್ಲಿ ಹೀರಲು ಒಂದು ತೂತು. ಒಳಗಿನ ಬಣ್ಣ ಕಾಣಿಸುವುದಿಲ್ಲ. ತಾನೇ ಬಗ್ಗಿಸುತ್ತೇನೆ, ಒಂದೇ ವೈನ್ ಎರಡು ಸಲವೂ ಬರಬಹುದು, ಅಂಕಲ್ ಐದನ್ನೂ ಗುರುತಿಸಿದರೆ ಎಲ್ಲರೂ ಹೆಸರು ಬರೆಸೋಣ ಎಂದ. ಜನ ಒಪ್ಪಿದರು. ಶ್ರೀಕಂಠನೂ ನಗುತ್ತಾ ಒಪ್ಪಿದ. ಆ ನಗು ನನಗೆ ಗೊತ್ತು, ಎರಡು ಎಡಗಾಲಿನ ಚಪ್ಪಲಿ ಹಾಕಿಕೊಂಡು ಧಾರೆಗೆ ನಡೆದಾಗ ಇದ್ದ ನಗು ಅದು.

ವಾಯ್ಡ್ ಡೆಕ್: ಅದೇ ಸಂಜೆ

ನನ್ನ ಮಗಳ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎಂಬ ಖಾಲಿ ಜಗಲಿ ಇದೆ. ಮುದುಕರು ಚದುರಂಗ ಆಡುವ ಕಲ್ಲಿನ ಮೇಜಿದೆ. ನಾನೂ ಶ್ರೀಕಂಠನೂ ಅಲ್ಲಿ ಕೂತೆವು.

"ಏಲಕ್ಕಿ ಹಾಕಿದ್ಯಾ ಪಾನಕಕ್ಕೆ?" ಎಂದ.

"ಹಾಕಿದ್ದೆ. ಗೊತ್ತಾಯ್ತಾ?"

"ಇಲ್ಲ ಕಣೋ ನಾಗ. ಬೆಲ್ಲದ ಸಿಹಿ ನಾಲಿಗೆಗೆ ಗೊತ್ತಾಯ್ತು, ಗಂಟಲು ಸುಡಲಿಲ್ಲ. ನೀನು ಮಾಡಿದ್ದು ಅಂದ್ರೆ ಏಲಕ್ಕಿ ಇರತ್ತೆ ಅಂತ ಊಹೆ ಮಾಡ್ದೆ. ನಂಗೆ ಮೂಗು ಹೋಗಿ ಮೂರು ವರ್ಷ ಆಯ್ತು."

ಒಂದು ಜ್ವರ ಬಂದು ಹೋಯಿತಂತೆ, ಅದರ ಜೊತೆ ವಾಸನೆಯೂ ಹೋಯಿತಂತೆ. ಡೌರೊಗೆ ಹೋದಾಗಲೇ ಇರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅವನು ಅಪ್ಪಿಕೊಂಡದ್ದು ಜ್ಞಾಪಕಕ್ಕೆ ಬಂದು ನನ್ನ ಕಿವಿ ಬಿಸಿಯಾಯಿತು. ಹಾಗಾದರೆ ಆ ಅಕ್ರೋಟು, ಅಂಜೂರ ಎಲ್ಲಿಂದ ಬಂತು ಎಂದು ಕೇಳಿದೆ. ಅಲ್ಲಿನ ನೆಲಮಾಳಿಗೆಯಲ್ಲಿ ಪೀಪಾಯಿ ನೋಡಿಕೊಳ್ಳುವ ಒಬ್ಬ ಮುದುಕನಿದ್ದಾನಂತೆ, ಎಂಬತ್ತು ದಾಟಿದವನು. ಮೊದಲ ದಿನವೇ ಅವನ ಹತ್ತಿರ ಇವನು ನಿಜ ಹೇಳಿಬಿಟ್ಟ. ಆ ಮುದುಕ ಒಂದೊಂದೇ ಪೀಪಾಯಿಯ ವೈನ್ ಮೂಸಿ ಏನು ವಾಸನೆ ಎಂದು ಹೇಳುತ್ತಿದ್ದ, ಮೊಮ್ಮಗಳು ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದಳು, ಇವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮೇಷ್ಟ್ರಲ್ಲವೆ, ಬಾಯಿಪಾಠ ಮಾಡಿದ. ಹೊರಡುವ ದಿನ ಆ ಮುದುಕ, ಮುಂದಿನ ಕೊಯ್ಲಿಗೂ ಬಾ, ಇನ್ನೂ ಅರ್ಧ ನೆಲಮಾಳಿಗೆ ಬಾಕಿ ಇದೆ ಎಂದನಂತೆ. "ಅವನಿಗೂ ವಯಸ್ಸಾಯ್ತು, ನಂಗೂ ಆಯ್ತು. ಈ ವರ್ಷ ಹೋಗ್ಲೇಬೇಕು" ಎಂದ.

ಸಹಾಯ ಮಾಡು ಎಂದು ಅವನು ಕೇಳಲಿಲ್ಲ. ಅದು ಇನ್ನೂ ಕಷ್ಟ. ಸಿಹಿಯಿಲ್ಲದ ಎರಡನ್ನು ಅವನ ನಾಲಿಗೆಯೇ ಹಿಡಿಯುತ್ತದೆ, ಬಿಳಿಯದು ಹುಳಿ, ಕೆಂಪಿನದು ನೇರಳೆ ಹಣ್ಣಿನ ಹಾಗೆ ನಾಲಿಗೆ ಎಳೆಯುವ ಒಗರು. ಸಿಹಿ ಇರುವ ಮೂರೂ ಅವನಿಗೆ ಸಕ್ಕರೆ ನೀರು. ನನಗೋ, ಎರಡು ಶನಿವಾರದಲ್ಲಿ ಮೂರೂ ಅಂಗೈ ಗೆರೆಯಾಗಿದ್ದವು. ಬಿಳಿ ಪೋರ್ಟಿಗೆ ಜೇನು ಮತ್ತು ನಿಂಬೆ ಹೂವು. ರೂಬಿಗೆ ಕುದಿಯುತ್ತಿರುವ ಹಣ್ಣಿನ ಜ್ಯಾಮು. ಟಾನಿ ಎಂದರೆ ಕಾಫಿ ಬೀಜ ಸಿಡಿಯಲು ಶುರುವಾಗುವ ಹೊತ್ತು, ನನ್ನ ಅಂಗಡಿಯ ಬೆಳಗಿನ ಹತ್ತು ಗಂಟೆ.

ನಾವಿಬ್ಬರೂ ಮೈಸೂರಿನ ಕ್ಲಬ್ಬಿನಲ್ಲಿ ಇಸ್ಪೀಟಾಡುವಾಗ ಸನ್ನೆಗಳಿದ್ದವು. ಕಿವಿ ಮುಟ್ಟಿದರೆ ಆಟೀನು, ಕನ್ನಡಕ ಸರಿ ಮಾಡಿದರೆ ಡೈಮನ್ನು, ಗಲ್ಲ ತುರಿಸಿದರೆ ಕಳಾವರ್. ಹದಿನೈದು ವರ್ಷದಲ್ಲಿ ಯಾರಿಗೂ ಸಿಕ್ಕಿಬೀಳಲಿಲ್ಲ. ಕಿವಿ ಬಿಳಿ ಪೋರ್ಟ್, ಕನ್ನಡಕ ರೂಬಿ, ಗಲ್ಲ ಟಾನಿ ಎಂದೆ. ಅವನು ಆಗಲಿ ಎಂದು ತಲೆಯಾಡಿಸಿದ.

ಬೆಡೋಕ್: ಮೂರನೆಯ ಶನಿವಾರ

ನಿಖಿಲ್ ಪರದೆಯ ಹಿಂದೆ ಬಗ್ಗಿಸಿ ತಂದ. ಅದೇ ಐದನ್ನು ಒಂದೊಂದಾಗಿ, ಅಂಥದ್ದೇ ಲೋಟದಲ್ಲಿ, ನಮಗೂ ಕೊಟ್ಟ. ಮೊದಲನೆಯದನ್ನು ಶ್ರೀಕಂಠ ಕುಡಿದು ಬಿಳಿ ವೈನ್ ಎಂದ, ಸರಿ. ಎರಡನೆಯದು ಕೆಂಪು ವೈನ್, ಸರಿ. ಮೂರನೆಯದರ ತೂತಿಗೆ ಮೂಗು ಹಿಡಿದು ಕಣ್ಣಂಚಿನಲ್ಲಿ ನನ್ನನ್ನು ನೋಡಿದ. ನಾನು ಕನ್ನಡಕ ಸರಿ ಮಾಡಿಕೊಂಡೆ. ರೂಬಿ ಎಂದ. ನಾಲ್ಕನೆಯದು ಬಂತು, ನಾನು ಗಲ್ಲ ತುರಿಸಿದೆ. ಅವನು ಬರೀ ಟಾನಿ ಎಂದು ಬಿಡಲಿಲ್ಲ, ಅಕ್ರೋಟು, ಅಂಜೂರ, ಮರದ ಉಸಿರು ಎಲ್ಲವನ್ನೂ ಹೇಳಿದ. ಕೋಣೆ ಉಸಿರು ಹಿಡಿದು ಕೇಳಿತು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ನಿಜವಾಗಿ ಮೂಸಿದವನು ಇಲ್ಲಿ ಮೂಲೆಯಲ್ಲಿ ಗಲ್ಲ ತುರಿಸುತ್ತಾ ಕೂತಿದ್ದ.

ಐದನೆಯ ಲೋಟ ಬಂತು. ಮೂಗಿಗೆ ಹಿಡಿದೆ. ಮತ್ತೆ ಟಾನಿಯೇ. ಕೈ ಗಲ್ಲದ ಕಡೆ ಏಳುತ್ತಿತ್ತು. ಆಗ ಪಕ್ಕದಲ್ಲಿದ್ದ ವೀಣಾ, ನನ್ನ ಸ್ವಂತ ಮಗಳು, ಬಗ್ಗಿ ಹೇಳಿದಳು.

"ಅಪ್ಪ, ಶ್ರೀಕಂಠ ಅಂಕಲ್ ಮೂಗು ನೋಡು. ಸುಮ್ನೆ ಬಡಾಯಿ ಕೊಚ್ಚಲ್ಲ, ಎಷ್ಟು ನೀಟಾಗಿ ಹೇಳ್ತಾರೆ."

ಕೈ ಕೆಳಗಿಳಿಯಿತು. ಇಳಿಸಬೇಕೆಂದು ಇಳಿಸಿದ್ದಲ್ಲ ಎಂದು ಇಲ್ಲಿ ಬರೆದುಕೊಳ್ಳುವುದು ಸುಲಭ. ಬೇಕೆಂದೇ ಇಳಿಸಿದೆ. ಪ್ಯಾಂಟಿನ ಜೇಬಿಗೆ ತುರುಕಿದೆ.

ಶ್ರೀಕಂಠ ಲೋಟ ಹಿಡಿದು ನಿಂತಿದ್ದ. ನನ್ನ ಕಿವಿ ನೋಡಿದ, ಕನ್ನಡಕ ನೋಡಿದ, ಗಲ್ಲ ನೋಡಿದ. ಆಮೇಲೆ ಜೇಬು ನೋಡಿದ. ಅವನಿಗೆ ಅರ್ಥವಾಯಿತು. ಅವನ ಮುಖದಲ್ಲಿ ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೈ ಹೊರಗೆ ತೆಗೆಯಲು ಹೋದೆ, ಅಷ್ಟರಲ್ಲಿ ಅವನು ಲೋಟ ಕೆಳಗಿಟ್ಟ.

"ಐದನೇದು ಗೊತ್ತಾಗ್ತಿಲ್ಲಪ್ಪ ನಿಖಿಲ್," ಎಂದ. "ಮೂರನೇದು, ನಾಲ್ಕನೇದೂ ಗೊತ್ತಾಗಿರ್ಲಿಲ್ಲ. ನಂಗೆ ವಾಸನೆ ಬರಲ್ಲ. ನಿಮಗೆ ಹೇಳಿದ್ದೆಲ್ಲ ಅಲ್ಲೊಬ್ಬ ಮುದುಕ ಹೇಳ್ಕೊಟ್ಟಿದ್ದು. ಇವತ್ತು ಹೇಳ್ಕೊಟ್ಟವನು ಅಗೋ, ಆ ಮೂಲೇಲಿ ಕೂತಿದಾನೆ. ನನ್ನ ಮೂಗು ಅದು."

ಹದಿನಾಲ್ಕು ತಲೆ ನನ್ನ ಕಡೆ ತಿರುಗಿದವು. ನನಗೆ ಬೇಕಾಗಿದ್ದದ್ದು ಇದೇ ಅಲ್ಲವೆ. ನಿಖಿಲ್, ಅಂಕಲ್ ನೀವೇ ಹೇಳಿ, ಐದನೇದು ಏನು ಎಂದ. ಟಾನಿ, ನಾಲ್ಕನೆಯ ಸೀಸೆಯದೇ ಎಂದೆ. ಸರಿ ಎಂದ. ನಾನು ಎದ್ದು ನಿಂತೆ, ನಾಲ್ಕು ಮಾತು ಸಿದ್ಧವಾಗಿದ್ದವು, ಗಂಟಲನ್ನೂ ಸರಿ ಮಾಡಿಕೊಂಡೆ. ನೋಡಿದರೆ ನನ್ನ ಕಡೆ ಒಬ್ಬರೂ ಇಲ್ಲ. ಎಲ್ಲರೂ ಶ್ರೀಕಂಠನ ಸುತ್ತ. ವಾಸನೆಯೇ ಇಲ್ಲದೆ ಹೇಗೆ ಕಲಿತಿರಿ ಅಂಕಲ್, ಆ ತಾತ ಹೇಗೆ ಹೇಳಿಕೊಟ್ಟರು, ನಮಗೂ ಅವರನ್ನು ನೋಡಬೇಕು. ಹಾಳೆಯ ಮೇಲೆ ಮೊದಲ ಹೆಸರು ಬರೆದವನು ನಿಖಿಲ್. ಹತ್ತು ನಿಮಿಷದಲ್ಲಿ ಹನ್ನೆರಡೂ ತುಂಬಿದವು. ಸುಳ್ಳು ಒಪ್ಪಿಕೊಳ್ಳುವುದರಲ್ಲೂ ನನ್ನನ್ನು ಸೋಲಿಸಿದ ಮುಂಡೇದು.

ಹದಿಮೂರನೆಯ ಹೆಸರನ್ನು ಶ್ರೀಕಂಠನೇ ಬರೆದ. ನನ್ನದು. ನನ್ನನ್ನು ಕೇಳಲೂ ಇಲ್ಲ.

ಹಾಕರ್ ಸೆಂಟರ್: ಮರುದಿನ

ಬೆಳಿಗ್ಗೆ ಬೆಡೋಕ್ ಹಾಕರ್ ಸೆಂಟರಿಗೆ ಇಬ್ಬರೂ ಹೋದೆವು. ಜೇಬಿನ ವಿಷಯ ಅವನು ಎತ್ತಲಿಲ್ಲ. ನಾನೇ ಎತ್ತಿದೆ, ಬೇಕೆಂದೇ ಮಾಡಿದ್ದು ಎಂದೆ. "ಗೊತ್ತು. ಇಸ್ಪೀಟಲ್ಲೂ ನೀನು ಸೋಲ್ತಿದ್ದಾಗ ಹಂಗೇ ಮಾಡ್ತಿದ್ದೆ" ಎಂದು ಎರಡು ಕೋಪಿ ತಂದಿಟ್ಟ.

ಕೋಪಿ ಎಂದರೆ ಇಲ್ಲಿಯ ಕಾಫಿ. ಬೀಜವನ್ನು ಸಕ್ಕರೆ ಹಾಕಿ ಕಪ್ಪಗೆ ಹುರಿದು, ಉದ್ದನೆಯ ಬಟ್ಟೆ ಚೀಲದಲ್ಲಿ ಸೋಸಿ, ಡಬ್ಬಿಯ ಗಟ್ಟಿ ಹಾಲಿನ ಮೇಲೆ ಸುರಿದುಕೊಡುತ್ತಾರೆ. ನನ್ನ ಅಂಗಡಿಯಲ್ಲಿ ಯಾರಾದರೂ ಬೀಜವನ್ನು ಆ ಮಟ್ಟಕ್ಕೆ ಸುಟ್ಟಿದ್ದರೆ ಮನೆಗೆ ಕಳಿಸುತ್ತಿದ್ದೆ. ಶ್ರೀಕಂಠ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಹೇಳು," ಎಂದ.

ಹೇಳಿದೆ. ಸುಟ್ಟ ವಾಸನೆಯನ್ನು ಬಿಟ್ಟು ನನ್ನ ಅಂಗಡಿಗೆ ಹೋದೆ. ಕೊಡಗಿನಿಂದ ಬಂದ ಪೀಬೆರಿ ಬೀಜ, ನಿನ್ನೆ ಸಂಜೆ ಹುರಿದದ್ದು ಎಂದೆ. ಚೀಲ ಬಿಚ್ಚಿದಾಗ ಬರುವ ಮೊದಲ ಹಬೆ, ಹಿತ್ತಾಳೆ ಫಿಲ್ಟರಿನ ಮುಚ್ಚಳ ತೆಗೆದಾಗ ಬರುವ ಎರಡನೆಯ ಹಬೆ, ಹಾಲು ಉಕ್ಕುವ ಮುಂಚಿನ ಆ ಒಂದು ಕ್ಷಣ, ಮಾರುಕಟ್ಟೆಯ ಕಡೆಯಿಂದ ಮಲ್ಲಿಗೆಯ ಬುಟ್ಟಿ ದಾಟಿ ಹೋದದ್ದು, ಎಲ್ಲವನ್ನೂ ಹೇಳಿದೆ. ಅವನು ಕಣ್ಣು ಮುಚ್ಚಿ ಒಂದೊಂದೇ ಗುಟುಕು ಕುಡಿದ. ಕೊನೆಯ ಹನಿಗೆ ಲೋಟ ಎತ್ತಿ ಬಗ್ಗಿಸಿಕೊಂಡು, ಇಂಥ ಕಾಫಿ ಕುಡಿದು ಎಷ್ಟು ವರ್ಷವಾಯಿತೋ ಎಂದ.

ನಾನು ನನ್ನ ಲೋಟ ಎತ್ತಿದೆ. ಆರಿಹೋಗಿತ್ತು, ಬರೀ ಸುಟ್ಟ ಸಕ್ಕರೆ. ನಾನು ಹೇಳಿದ ಕಾಫಿಯನ್ನು ಅವನೊಬ್ಬನೇ ಕುಡಿದು ಮುಗಿಸಿದ್ದ. ಅದಕ್ಕೂ ಹೊಟ್ಟೆ ಉರಿಯಿತು.